ಹಾರ್ಡ್ ರಾಕ್: ಹೊಸ ಕಿವಿಗೆ ನಾಲ್ಕು ಆಲ್ಬಂ



ಹಾರ್ಡ್ ರಾಕ್ ಎಂದೊಡನೆ ಹಿರಿಯರು ಕಿವಿ ಮುಚ್ಚಿಕೊಳ್ಳುತ್ತಾರೆ. ಮಕ್ಕಳು ಕೋಣೆಯ ಬಾಗಿಲು ಹಾಕಿಕೊಂಡು ಕೇಳುತ್ತಾರೆ. ಒಂದೇ ಮನೆಯಲ್ಲಿ ಗೋಡೆ ಏಳುತ್ತದೆ. ಇದು ಸಂಗೀತವೋ ಗದ್ದಲವೋ ಎಂಬ ಈ ತಕರಾರಿಗೆ ಅರ್ಧ ಕಾರಣ, ಕೇಳಬಾರದ ಕ್ರಮದಲ್ಲಿ ಕೇಳಿರುವುದು. ಈಜು ಕಲಿಯುವವನನ್ನು ಯಾರೂ ಮೊದಲ ದಿನವೇ ಗೋಕಾಕ ಫಾಲ್ಸಿನ ಮಡುವಿಗೆ ಇಳಿಸುವುದಿಲ್ಲ.

ಈ ಸಂಗೀತ ರೂಪುಗೊಂಡದ್ದು 1960ರ ದಶಕದ ಕೊನೆಯಲ್ಲಿ, ಮುಖ್ಯವಾಗಿ ಇಂಗ್ಲೆಂಡಿನಲ್ಲಿ. ಅಮೆರಿಕದ ಕಪ್ಪು ಜನರ ಬ್ಲೂಸ್ ಹಾಡುಗಳೇ ಇದರ ತಾಯಿಬೇರು. ಗಿಟಾರಿನ ತಂತಿಯ ಕಂಪನ ವಿದ್ಯುತ್ತಾಗಿ ಆಂಪ್ಲಿಫೈಯರಿಗೆ ಹೋಗುತ್ತದೆ. ಅದನ್ನು ಶಕ್ತಿ ಮೀರಿ ದುಡಿಸಿದರೆ ನಾದ ಒಡೆದು ಗೊಗ್ಗರಾಗುತ್ತದೆ. ಆ ದೋಷವನ್ನೇ ಈ ಸಂಗೀತಗಾರರು ಬಣ್ಣವಾಗಿ ಬಳಸಿದರು. ಹಾಡಿನ ಬೆನ್ನೆಲುಬು ‘ರಿಫ್’, ಅಂದರೆ ಮತ್ತೆ ಮತ್ತೆ ಮರಳುವ ನಾಲ್ಕಾರು ಸ್ವರಗಳ ತುಣುಕು. ಗೀಗೀ ಪದದಲ್ಲಿ ಹಿಮ್ಮೇಳದವರು ಎತ್ತಿಕೊಳ್ಳುವ ಸೊಲ್ಲಿನ ಹಾಗೆ. ಅದನ್ನು ಹಿಡಿದುಕೊಂಡ ಕೇಳುಗ ದಾರಿ ತಪ್ಪುವುದಿಲ್ಲ.

ಮೊದಲು ಲೆಡ್ ಜೆಪ್ಪೆಲಿನ್ ತಂಡದ ನಾಲ್ಕನೆಯ ಆಲ್ಬಂ (1971). ಇದರ ಮೂರನೆಯ ಹಾಡಿನಲ್ಲಿ ಡ್ರಮ್ಮೇ ಇಲ್ಲ, ಮ್ಯಾಂಡೊಲಿನ್ ನುಡಿಯುತ್ತದೆ. ನಾಲ್ಕನೆಯದು ‘ಸ್ಟೇರ್‌ವೇ ಟು ಹೆವನ್’, ಸುಮಾರು 8 ನಿಮಿಷದ್ದು. ಮೆಲ್ಲಗೆ ಮೊದಲಾಗಿ, ಅರ್ಧ ದಾಟಿದ ಮೇಲೆ ಡ್ರಮ್ಮು ಸೇರಿ, ಕೊನೆಗೆ ಭೋರ್ಗರೆಯುತ್ತದೆ. ವಿಲಂಬಿತದಿಂದ ದ್ರುತಕ್ಕೆ ಏರುವ ಖಯಾಲ್ ಕೇಳಿದ ಬೆಳಗಾವಿ ಜಿಲ್ಲೆಯ ಕಿವಿಗೆ ಈ ನಡೆ ಹೊಸದಲ್ಲ.

ಎರಡನೆಯದು ಆಸ್ಟ್ರೇಲಿಯದ ಎಸಿ/ಡಿಸಿ ತಂಡದ ‘ಬ್ಯಾಕ್ ಇನ್ ಬ್ಲ್ಯಾಕ್’. ಗಾಯಕ ಬಾನ್ ಸ್ಕಾಟ್ 1980ರ ಫೆಬ್ರವರಿಯಲ್ಲಿ ತೀರಿಕೊಂಡರು. ಹೊಸ ಗಾಯಕ ಬ್ರಯನ್ ಜಾನ್ಸನ್ ಅವರೊಂದಿಗೆ ಅದೇ ಜುಲೈನಲ್ಲಿ ಆಲ್ಬಂ ಹೊರಬಂತು. ಘಂಟಾನಾದದಿಂದ ಆರಂಭ. ತಾಳ ದಪ್ಪಿನ ಪೆಟ್ಟಿನಂತೆ ನೇರ, ತೊಡಕಿಲ್ಲ.

ಮೂರನೆಯದು ಡೀಪ್ ಪರ್ಪಲ್ ತಂಡದ ‘ಮೇಡ್ ಇನ್ ಜಪಾನ್’, 1972ರ ಆಗಸ್ಟಿನಲ್ಲಿ ಸಭಿಕರೆದುರು ಮುದ್ರಿಸಿಕೊಂಡದ್ದು. ಒಂದು ಹಾಡಿನಲ್ಲಿ ಗಿಟಾರು ಕೇಳಿದ್ದಕ್ಕೆ ಗಾಯಕನ ಕಂಠ ಉತ್ತರ ಕೊಡುತ್ತದೆ. ಹರದೇಶಿ–ನಾಗೇಶಿ ಸವಾಲ್–ಜವಾಬಿನ ರುಚಿ ಬಲ್ಲವರು ತಾವಾಗಿಯೇ ತಲೆದೂಗುತ್ತಾರೆ. ‘ಸ್ಮೋಕ್ ಆನ್ ದ ವಾಟರ್’ 1971ರಲ್ಲಿ ಸ್ವಿಟ್ಜರ್ಲೆಂಡಿನ ಮಾಂಟ್ರೋದಲ್ಲಿ ಕ್ಯಾಸಿನೊ ಸುಟ್ಟುಹೋದ ಕಥೆ. ಬೈಲಹೊಂಗಲ ಸೀಮೆಯ ಕೊಲೆಯ ಸುದ್ದಿ ‘ಸಂಗ್ಯಾ ಬಾಳ್ಯಾ’ ಆದಂತೆ, ಅಲ್ಲಿಯೂ ಸುದ್ದಿ ಹಾಡಾಯಿತು.

ಕೊನೆಗೆ, ಕಿವಿ ಪಳಗಿದ ಮೇಲೆ, ಬ್ಲ್ಯಾಕ್ ಸಬಾತ್ ತಂಡದ ‘ಪ್ಯಾರನಾಯ್ಡ್’ (1970). ಇವರು ಬರ್ಮಿಂಗ್‌ಹ್ಯಾಮಿನ ಕಾರ್ಖಾನೆ ಓಣಿಗಳ ಹುಡುಗರು. ಗಿಟಾರ್ ವಾದಕ ಟೋನಿ ಅಯೋಮಿ 17ರ ವಯಸ್ಸಿನಲ್ಲಿ ತಗಡಿನ ಕಾರ್ಖಾನೆಯ ಯಂತ್ರಕ್ಕೆ ಎರಡು ಬೆರಳ ತುದಿ ಕಳೆದುಕೊಂಡರು. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡು, ಹಗುರ ತಂತಿ ಹೂಡಿ ಮತ್ತೆ ನುಡಿಸಿದರು. ಈ ಆಲ್ಬಮ್ಮಿನ ಮೊದಲ ಹಾಡೇ ಯುದ್ಧ ಹೂಡುವ ದೊರೆಗಳ ವಿರುದ್ಧ. ಹೆವಿ ಮೆಟಲ್ ಕವಲೊಡೆದದ್ದು ಮುಖ್ಯವಾಗಿ ಇಲ್ಲಿಂದ. ಆ ಕವಲಿನ ಐರನ್ ಮೇಡನ್ 2007ರ ಮಾರ್ಚಿನಲ್ಲಿ ಬೆಂಗಳೂರಿನ ಅರಮನೆ ಮೈದಾನಕ್ಕೂ ಬಂದಿತ್ತು. ಬ್ಲ್ಯಾಕ್ ಸಬಾತ್ 2025ರ ಜುಲೈ 5ರಂದು ಹುಟ್ಟೂರಿನಲ್ಲಿ ವಿದಾಯ ಹೇಳಿತು. 17 ದಿನಕ್ಕೆ ಗಾಯಕ ಆಜಿ ಆಸ್ಬರ್ನ್ ತೀರಿಕೊಂಡರು.

ಘಟಪ್ರಭೆಯ ದಡದ ನೂಲಿನ ಗಿರಣಿಯಲ್ಲಿ ದುಡಿದವರ ಮನೆಗಳಿಗೆ ಯಂತ್ರದ ಸದ್ದು ಅನ್ನದ ಸದ್ದಾಗಿತ್ತು. ಅಂಥದೇ ಸದ್ದಿನ ನಡುವೆ ಬೆಳೆದ ಹುಡುಗರು ಅದನ್ನು ಹಾಡಾಗಿಸಿದರೆಂದು ತಿಳಿದರೆ ಗದ್ದಲದೊಳಗಿನ ಮನುಷ್ಯ ಕಾಣುತ್ತಾನೆ. ಕಿವಿ ಗಡಚಿಕ್ಕುವಷ್ಟು ಜೋರಾಗಿಯೇ ಕೇಳಬೇಕೆಂಬ ಕಟ್ಟಳೆಯೇನೂ ಇಲ್ಲ. ಒಂದೊಂದನ್ನೂ ಮೂರು ಸಲ ಕೇಳಿ, ಆಮೇಲೆ ಬೇಡವೆನಿಸಿದರೆ ಬಿಡಲಿ. ಕೇಳಿ ಬಿಡುವುದಕ್ಕೂ ಕೇಳದೆ ಬಿಡುವುದಕ್ಕೂ ಅಂತರವಿದೆ.