ಲಕ್ವ ಹೊಡೆದಾಗ: ಮೊದಲ ಗಂಟೆಗಳು ಮತ್ತು ಮನೆಯ ಖರ್ಚು

(ರೋಗಿಗಳು ಹಾಗೂ ಅವರ ಮನೆಯವರಿಗಾಗಿ ನೀಡಿದ ಉಪನ್ಯಾಸ)



ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಈ ನಾಲ್ಕೂ ವರ್ಜೀನಿಯಾ ಹೊಗೆಸೊಪ್ಪು ಬೆಳೆಯುವ ತಾಲ್ಲೂಕುಗಳು. ನಿಮ್ಮಲ್ಲಿ ಅನೇಕರ ಮನೆಯಲ್ಲಿ ಬ್ಯಾರನ್ ಇದೆ. ಸೊಪ್ಪು ಏರಿಸಿದ ಮೇಲೆ ಅದು ಹದವಾಗುವವರೆಗೆ ಹಗಲು ರಾತ್ರಿ ಯಾರಾದರೊಬ್ಬರು ಕಾವಲಿರುತ್ತೀರಿ. ನಡುರಾತ್ರಿ ಬೆಂಕಿ ಆರಿದರೆ "ಬೆಳಗಾಗಲಿ, ನೋಡೋಣ" ಎಂದು ಯಾರೂ ಮಲಗುವುದಿಲ್ಲ. ಮಲಗಿದರೆ ಆ ಸೊಪ್ಪಿಗೆ ಹರಾಜಿನಲ್ಲಿ ಬೆಲೆ ಸಿಗುವುದಿಲ್ಲವೆಂದು ನಿಮಗೆ ಗೊತ್ತು.

ಅದೇ ಮನೆಯಲ್ಲಿ ರಾತ್ರಿ ಯಜಮಾನರ ಕೈ ಸೋತು, ಬಾಯಿ ಸೊಟ್ಟಗಾದರೆ ಮಾತ್ರ "ವಾಯು ಹಿಡಿದಿರಬೇಕು, ಬೆಳಗಾಗಲಿ" ಎನ್ನುತ್ತೇವೆ. ಈ ಒಂದು ಮಾತಿನಿಂದ ಮನೆಗೆ ಆಗುವ ನಷ್ಟ ಎಷ್ಟು ಎಂಬುದೇ ಇಂದಿನ ನನ್ನ ವಿಷಯ.

ಲಕ್ವ ಎಂದರೇನು?

ಲಕ್ವ ಅಥವಾ ಪಾರ್ಶ್ವವಾಯು ಕಾಣುವುದು ಕೈಕಾಲಿನಲ್ಲಿ. ಆದರೆ ಕಾಯಿಲೆ ಇರುವುದು ಮೆದುಳಿನ ರಕ್ತನಾಳದಲ್ಲಿ. ಹೆಚ್ಚಿನವರಲ್ಲಿ ರಕ್ತನಾಳ ಹೆಪ್ಪುಗಟ್ಟಿದ ರಕ್ತದಿಂದ ಕಟ್ಟಿಕೊಳ್ಳುತ್ತದೆ. ಉಳಿದವರಲ್ಲಿ ಅದು ಒಡೆದು ಮೆದುಳಿನೊಳಗೆ ರಕ್ತ ಸುರಿಯುತ್ತದೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ತರಹ. ಸಿ.ಟಿ. ಸ್ಕ್ಯಾನ್ ಇಲ್ಲದೆ ಯಾವುದೆಂದು ಎಂಥ ಅನುಭವಿ ವೈದ್ಯರೂ ಖಚಿತವಾಗಿ ಹೇಳಲಾರರು. ಆದ್ದರಿಂದ ಮನೆಯಲ್ಲಿ ಆಸ್ಪಿರಿನ್ ಮಾತ್ರೆ ಕೊಡಬೇಡಿ. ರಕ್ತ ಸುರಿಯುತ್ತಿದ್ದರೆ ಅದು ಅಪಾಯವನ್ನು ಹೆಚ್ಚಿಸುತ್ತದೆ.

ಮೆದುಳಿನ ದೊಡ್ಡ ರಕ್ತನಾಳ ಕಟ್ಟಿಕೊಂಡಾಗ ಒಂದು ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ ಎಂದು 2006ರಲ್ಲಿ ಪ್ರಕಟವಾದ ಒಂದು ಅಂದಾಜು ಹೇಳುತ್ತದೆ. ಸತ್ತ ನರಕೋಶ ಮತ್ತೆ ಹುಟ್ಟುವುದಿಲ್ಲ.

ಗಂಟೆಯ ಬೆಲೆ

ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಇಂಜೆಕ್ಷನ್ ಇದೆ. ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಅದನ್ನು ಕೊಡಬೇಕು. ಒಂಬತ್ತು ಅಧ್ಯಯನಗಳ 6,756 ರೋಗಿಗಳ ಲೆಕ್ಕವನ್ನು ಒಟ್ಟುಗೂಡಿಸಿ 2014ರಲ್ಲಿ ಪ್ರಕಟಿಸಿದರು. ಮೂರು ಗಂಟೆಯೊಳಗೆ ಇಂಜೆಕ್ಷನ್ ಪಡೆದ ಪ್ರತಿ 100 ಜನರಲ್ಲಿ, ಪಡೆಯದವರಿಗಿಂತ ಸುಮಾರು 10 ಜನ ಹೆಚ್ಚಾಗಿ ಬಹುತೇಕ ಮೊದಲಿನಂತಾದರು. ಮೂರರಿಂದ ನಾಲ್ಕೂವರೆ ಗಂಟೆಯ ನಡುವೆ ಪಡೆದವರಲ್ಲಿ ಆ ಸಂಖ್ಯೆ 5ಕ್ಕೆ ಇಳಿಯಿತು. ಔಷಧಿ ಅದೇ, ವೈದ್ಯರೂ ಅಂಥವರೇ. ತಡವಾದದ್ದಕ್ಕೆ ಲಾಭ ಅರ್ಧವಾಯಿತು.

ಈ ಇಂಜೆಕ್ಷನ್ ಎಲ್ಲರಿಗೂ ಆಗುವುದಿಲ್ಲ. ಕೆಲವರಲ್ಲಿ ಅದರಿಂದಲೇ ಮೆದುಳಿನಲ್ಲಿ ರಕ್ತಸ್ರಾವ ಆಗಬಹುದು. ಸ್ಕ್ಯಾನ್ ನೋಡಿ, ಬಿ.ಪಿ. ನೋಡಿ, ಹಿಂದಿನ ಕಾಯಿಲೆಗಳನ್ನು ಕೇಳಿ ವೈದ್ಯರು ನಿರ್ಧರಿಸುತ್ತಾರೆ. ಅದಕ್ಕೂ ಸಮಯ ಬೇಕು.

ಈಗ ನಿಮ್ಮ ಊರಿನ ಲೆಕ್ಕ ಹಾಕೋಣ. ಮೈಸೂರಿಗೆ ಹುಣಸೂರು, ಕೆ.ಆರ್. ನಗರ, ಎಚ್.ಡಿ. ಕೋಟೆ ಪಟ್ಟಣಗಳು ಸುಮಾರು 40ರಿಂದ 50 ಕಿ.ಮೀ. ದೂರ. ಪಿರಿಯಾಪಟ್ಟಣ ಇನ್ನೂ ದೂರ, ಸುಮಾರು 70 ಕಿ.ಮೀ. ಲಕ್ಷಣ ಗುರುತಿಸಲು ಅರ್ಧ ಗಂಟೆ, ಗಾಡಿ ಬರಲು ಅರ್ಧ ಗಂಟೆ, ದಾರಿಗೆ ಒಂದೂವರೆ ಗಂಟೆ, ಸ್ಕ್ಯಾನ್ ಮತ್ತು ಪರೀಕ್ಷೆಗೆ ಒಂದು ಗಂಟೆ ಎಂದರೂ ಮೂರೂವರೆ ಗಂಟೆ ಕಳೆಯಿತು. ಉಳಿದದ್ದು ಒಂದೇ ಗಂಟೆ. ಕಾಡಂಚಿನ ಹಾಡಿಗಳಿಂದ ಹೊರಡುವವರಿಗೆ ಅದೂ ಉಳಿಯದೆ ಹೋಗಬಹುದು. ನಾಟಿ ಔಷಧಿ ಕೊಡುವವರ ಮನೆಗೆ ಹೋಗಿ ಬರಲು, ಪಾರಿವಾಳದ ರಕ್ತ ಹಚ್ಚಲು, ನೆಂಟರು ಬಂದು ಸೇರಲು ಈ ಲೆಕ್ಕದಲ್ಲಿ ಜಾಗವಿಲ್ಲ. ನಿಮ್ಮ ನಂಬಿಕೆಯನ್ನು ನಾನು ಹೀಯಾಳಿಸುತ್ತಿಲ್ಲ. ಆ ಗಂಟೆ ಮತ್ತೆ ಸಿಗುವುದಿಲ್ಲ ಎಂದಷ್ಟೇ ಹೇಳುತ್ತಿದ್ದೇನೆ.

ಹಾಗೆಂದು ತಡವಾದರೆ ಬರಲೇಬಾರದು ಎಂದಲ್ಲ. ದೊಡ್ಡ ರಕ್ತನಾಳ ಕಟ್ಟಿಕೊಂಡ ಕೆಲವರಿಗೆ 24 ಗಂಟೆಯವರೆಗೂ ತಂತಿಯಂಥ ನಳಿಕೆ ಹಾಕಿ ಗಡ್ಡೆಯನ್ನು ಹೊರತೆಗೆಯಬಹುದು ಎಂದು 2018ರ ಅಧ್ಯಯನಗಳು ತೋರಿಸಿವೆ. ಲಕ್ವಕ್ಕೆಂದೇ ಇರುವ ವಾರ್ಡಿನಲ್ಲಿ ವೈದ್ಯರು, ದಾದಿಯರು, ವ್ಯಾಯಾಮ ಚಿಕಿತ್ಸಕರು ಒಟ್ಟಾಗಿ ನೋಡಿಕೊಂಡರೆ, ಸಾಮಾನ್ಯ ವಾರ್ಡಿಗಿಂತ 100ಕ್ಕೆ ಸುಮಾರು 6 ಜನ ಹೆಚ್ಚಾಗಿ ಸ್ವಂತವಾಗಿ ಬದುಕುವಂತಾಗುತ್ತಾರೆ. ಇದು ಎಲ್ಲ ಬಗೆಯ ಲಕ್ವಕ್ಕೂ ಅನ್ವಯಿಸುತ್ತದೆ.

ನಿಜವಾದ ಖರ್ಚು ಯಾವುದು?

"ದೊಡ್ಡಾಸ್ಪತ್ರೆಗೆ ಹೋದರೆ ಬಿಲ್ ಎಷ್ಟಾಗುತ್ತದೋ" ಎಂಬ ಹೆದರಿಕೆಯಿಂದಲೇ ಅನೇಕರು ತಡ ಮಾಡುತ್ತಾರೆ. ಹೆದರಿಕೆ ಸಹಜ. ಆದರೆ ಖರ್ಚನ್ನು ಒಂದು ಹಾಳೆಯಲ್ಲಿ ಬರೆದು ನೋಡಿ. ಆಸ್ಪತ್ರೆಯ ಬಿಲ್ ಒಂದು ಸಾಲು ಮಾತ್ರ. ಅದರ ಕೆಳಗೆ ಬರುವ ಸಾಲುಗಳು ಇವು: ಜೊತೆಗಿರುವವರ ಊಟ, ಓಡಾಟ, ದುಡಿಯುವವರು ಮಲಗಿದ್ದರಿಂದ ಹೋದ ಕೂಲಿ, ಅವರನ್ನು ನೋಡಿಕೊಳ್ಳಲು ಮನೆಯಲ್ಲಿ ಉಳಿದ ಹೆಂಡತಿಯ ಅಥವಾ ಸೊಸೆಯ ಕೂಲಿ, ತಿಂಗಳು ತಿಂಗಳ ಮಾತ್ರೆ, ಅಡವಿಟ್ಟ ಒಡವೆಯ ಬಡ್ಡಿ, ಶಾಲೆ ಬಿಟ್ಟ ಮಗು. ಮೊದಲ ಸಾಲು ಕೆಲವು ದಿನಗಳದ್ದು. ಉಳಿದವು ವರ್ಷಗಟ್ಟಲೆ.

ಮೊದಲ ಸಾಲಿಗೆ ನೆರವು ಇದೆ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಅವಕಾಶವಿದೆ. ನೋಂದಾಯಿತ ಆಸ್ಪತ್ರೆಗಳಲ್ಲಿರುವ ಆರೋಗ್ಯ ಮಿತ್ರರನ್ನು ಕೇಳಿ. ಯಾವ ಚಿಕಿತ್ಸೆ ಸೇರುತ್ತದೆ, ಯಾವುದಕ್ಕೆ ರೆಫರಲ್ ಚೀಟಿ ಬೇಕು ಎಂದು ಅವರು ತಿಳಿಸುತ್ತಾರೆ. ಕೆಳಗಿನ ಸಾಲುಗಳಿಗೆ ಅಂಥ ಕಾರ್ಡ್ ಇಲ್ಲ. ಅವನ್ನು ಕಡಿಮೆ ಮಾಡುವ ದಾರಿ ಒಂದೇ: ರೋಗಿ ತಾನೇ ಎದ್ದು ನಡೆಯುವಂತಾಗುವುದು. ಅದು ಬಹುಮಟ್ಟಿಗೆ ಮೊದಲ ಗಂಟೆಗಳ ಮೇಲೆ ನಿಂತಿದೆ. ಬೆಳಗಿನವರೆಗೆ ಕಾದು ಬಾಡಿಗೆ ಕಾರಿನ ಹಣ ಉಳಿಸಿದವರು ಉಳಿಸಿದ್ದು ಮೊದಲ ಸಾಲಿನಲ್ಲಿ, ಕಳೆದುಕೊಂಡದ್ದು ಕೆಳಗಿನ ಎಲ್ಲ ಸಾಲುಗಳಲ್ಲಿ.

ನೀವು ಮಾಡಬೇಕಾದದ್ದು

1. ನಗಲು ಹೇಳಿ: ಬಾಯಿ ಒಂದು ಕಡೆ ಎಳೆಯುತ್ತದೆಯೇ? ಎರಡೂ ಕೈ ಎತ್ತಲು ಹೇಳಿ: ಒಂದು ಕೆಳಗೆ ಜಾರುತ್ತದೆಯೇ? ಮಾತನಾಡಿಸಿ: ತೊದಲುತ್ತಾರೆಯೇ? ದಿಢೀರನೆ ಕಣ್ಣು ಮಂಜಾಗುವುದು, ನಡಿಗೆ ತೂರಾಡುವುದು ಕೂಡ ಲಕ್ಷಣವೇ.

2. ಒಂದು ಲಕ್ಷಣ ಕಂಡರೂ 108ಕ್ಕೆ ಕರೆ ಮಾಡಿ. ಅದು ತಡವಾಗುವಂತಿದ್ದರೆ ಸಿಕ್ಕ ಗಾಡಿಯಲ್ಲಿ ಹೊರಡಿ.

3. ರೋಗಿ ಕೊನೆಯ ಬಾರಿ ಸರಿಯಾಗಿದ್ದದ್ದು ಎಷ್ಟು ಗಂಟೆಗೆ ಎಂದು ಬರೆದುಕೊಳ್ಳಿ. ವೈದ್ಯರು ಮೊದಲು ಕೇಳುವ ಪ್ರಶ್ನೆ ಇದು.

4. ನೀರು, ಕಾಫಿ, ಮಾತ್ರೆ ಏನನ್ನೂ ಬಾಯಿಗೆ ಹಾಕಬೇಡಿ. ನುಂಗಲಾರದೆ ಶ್ವಾಸಕೋಶಕ್ಕೆ ಇಳಿಯಬಹುದು. ಬಿ.ಪಿ. ಮಾತ್ರೆಯನ್ನೂ ಹೆಚ್ಚಿಗೆ ಕೊಡಬೇಡಿ.

5. ಹಳೆಯ ಚೀಟಿ, ನುಂಗುತ್ತಿರುವ ಮಾತ್ರೆ, ಆಧಾರ್, ರೇಷನ್ ಕಾರ್ಡ್ ಜೊತೆಗಿರಲಿ.

6. ರಾತ್ರಿಯೂ ಸಿ.ಟಿ. ಸ್ಕ್ಯಾನ್ ಆಗುವ, ಲಕ್ವದ ಇಂಜೆಕ್ಷನ್ ಕೊಡುವ ಹತ್ತಿರದ ಆಸ್ಪತ್ರೆ ಯಾವುದೆಂದು ಇಂದೇ ವಿಚಾರಿಸಿ, ಗೋಡೆಯ ಕ್ಯಾಲೆಂಡರ್ ಮೇಲೆ ಬರೆದಿಡಿ.

ಹತ್ತು ನಿಮಿಷದಲ್ಲಿ ಕೈ ತಾನಾಗಿ ಸರಿಹೋದರೂ ಆಸ್ಪತ್ರೆಗೆ ಬನ್ನಿ. ಅದು ಮುನ್ಸೂಚನೆ. ಮುಂದಿನ ಎರಡು ದಿನ ಅಪಾಯ ಹೆಚ್ಚು.

ಮನೆಗೆ ಹೋದ ಮೇಲೆ

ಭಾರತದ 14 ಆಸ್ಪತ್ರೆಗಳಲ್ಲಿ 1,250 ಲಕ್ವ ರೋಗಿಗಳ ಮೇಲೆ ನಡೆದ ಒಂದು ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ರೋಗಿಗಳ ಮನೆಯವರಿಗೆ ವ್ಯಾಯಾಮ ಮಾಡಿಸುವ ತರಬೇತಿ ಕೊಟ್ಟರು. ಉಳಿದವರಿಗೆ ಎಂದಿನ ಚಿಕಿತ್ಸೆ ಮಾತ್ರ. ಆರು ತಿಂಗಳ ನಂತರ ತೀರಿಕೊಂಡವರು ಅಥವಾ ಪರಾವಲಂಬಿಗಳಾದವರು ಎರಡೂ ಗುಂಪಿನಲ್ಲಿ ಶೇ. 47.

ಇದರಿಂದ ಎದೆಗುಂದಬೇಡಿ. ವ್ಯಾಯಾಮ ವ್ಯರ್ಥ ಎಂದು ಇದರ ಅರ್ಥವಲ್ಲ. ಮನೆಯವರಿಗೆ ಕಲಿಸಿ ಕಳಿಸಿದರೆ ಆಸ್ಪತ್ರೆಯ ಜವಾಬ್ದಾರಿ ಮುಗಿಯುವುದಿಲ್ಲ ಎಂದು ಅರ್ಥ. ವ್ಯಾಯಾಮ ಚಿಕಿತ್ಸಕರನ್ನು ಆಗಾಗ ಕಾಣಿ, ನೀವು ಮಾಡಿಸುವುದು ಸರಿಯಿದೆಯೇ ಎಂದು ತೋರಿಸಿ. ಇನ್ನೊಂದು ಮಾತನ್ನು ಇಲ್ಲಿರುವ ತಾಯಂದಿರಿಗೆ, ಸೊಸೆಯಂದಿರಿಗೆ ಹೇಳಬೇಕು. ರೋಗಿ ಏಳದಿದ್ದರೆ "ಸರಿಯಾಗಿ ನೋಡಿಕೊಳ್ಳಲಿಲ್ಲ" ಎಂಬ ಮಾತು ನಿಮ್ಮ ಮೇಲೆ ಬರುತ್ತದೆ. ಅದು ನ್ಯಾಯವಲ್ಲ. ಶೇ. 40 ಅಥವಾ ಹೆಚ್ಚಿನ ಅಂಗವೈಕಲ್ಯ ಉಳಿದರೆ ಯು.ಡಿ.ಐ.ಡಿ. ಕಾರ್ಡಿಗೆ, ಮಾಸಾಶನಕ್ಕೆ ಅರ್ಜಿ ಹಾಕಿ. ಅದು ನಿಮ್ಮ ಹಕ್ಕು.

ಬಾರದಂತೆ ತಡೆಯುವುದು

ಲಕ್ವಕ್ಕೆ ಮುಖ್ಯ ಕಾರಣ ಬಿ.ಪಿ. ಅದು ನೋವು ಕೊಡುವುದಿಲ್ಲ. ಆದ್ದರಿಂದಲೇ ಮಾತ್ರೆ ನಿಲ್ಲುತ್ತದೆ. "ನಾಟಿ ಮುಗಿಯಲಿ, ಹರಾಜು ಮುಗಿಯಲಿ, ಆಮೇಲೆ ತಂದರಾಯಿತು" ಎನ್ನುವ ತಿಂಗಳುಗಳಲ್ಲೇ ರಕ್ತನಾಳ ಸವೆಯುತ್ತದೆ. ಬಿ.ಪಿ., ಸಕ್ಕರೆ ಕಾಯಿಲೆಯ ಸಾಮಾನ್ಯ ಮಾತ್ರೆಗಳನ್ನು ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ಕೊಡುತ್ತಾರೆ. ಮೂವತ್ತು ದಾಟಿದವರು ವರ್ಷಕ್ಕೊಮ್ಮೆಯಾದರೂ ಬಿ.ಪಿ. ನೋಡಿಸಿ. ಉಪ್ಪು, ಉಪ್ಪಿನಕಾಯಿ ಕಡಿಮೆ ಮಾಡಿ. ಹೊಗೆಸೊಪ್ಪು ನಿಮ್ಮ ಹೊಲದ ಬೆಳೆ ಇರಬಹುದು. ಬೀಡಿಯಾಗಿ, ಸಿಗರೇಟಾಗಿ, ಎಲೆಯಡಿಕೆಯ ಜೊತೆಗೆ ಅದು ನಿಮ್ಮ ಬಾಯಿಗೆ ಬರುವುದು ಬೇಡ.

ಬಂಧುಗಳೇ, ಬ್ಯಾರನ್ನಿನ ಬೆಂಕಿ ಆರಿದರೆ ಎಷ್ಟು ಬೇಗ ಏಳುತ್ತೀರೋ, ಮನೆಯವರ ಮಾತು ತೊದಲಿದಾಗಲೂ ಅಷ್ಟೇ ಬೇಗ ಏಳಿ. ಈ ಕರಪತ್ರವನ್ನು ಓದಿದ ಮೇಲೆ ಪಕ್ಕದ ಮನೆಗೆ ಕೊಡಿ. ಓದಲು ಬಾರದವರಿಗೆ ಓದಿ ಹೇಳಿ.