ಮಾಕಳಿದುರ್ಗಕ್ಕೆ ಬಂದ ರೈಲು

ಅಮೆರಿಕದ ಪಶ್ಚಿಮ ಬಯಲಿನ ಎಷ್ಟೋ ಕಡೆ ರೈಲು ಮೊದಲು ಬಂದಿತು, ಊರು ಆಮೇಲೆ ಹುಟ್ಟಿತು. ನಮ್ಮ ಮಾಕಳಿದುರ್ಗದ ಕಥೆ ಬೇರೆ, ಮಿತ್ರರೆ. ಬೆಟ್ಟ, ನೆತ್ತಿಯ ಕೋಟೆ, ಶಿವನ ಗುಡಿ, ಬುಡದ ರಾಗಿಹೊಲ ಎಲ್ಲವೂ ಮೊದಲೇ ಇದ್ದವು. ರೈಲು ತಡವಾಗಿ ಬಂದ ನೆಂಟ.

ಅದು ಬಂದುದರ ಹಿಂದೆ ಹಸಿವಿನ ನೆನಪಿದೆ. 1876–78ರ ಕ್ಷಾಮದಲ್ಲಿ ಮೈಸೂರು ಸಂಸ್ಥಾನ ಸುಮಾರು ಐದರಲ್ಲೊಂದು ಪಾಲು ಜನರನ್ನು ಕಳೆದುಕೊಂಡಿತು. ಮದರಾಸಿನ ಕಡೆಯಿಂದ ಧಾನ್ಯ ಬೆಂಗಳೂರಿನವರೆಗೆ ರೈಲಿನಲ್ಲಿ ಬರುತ್ತಿತ್ತು. ಮುಂದಕ್ಕೆ ಹಳಿಯಿರಲಿಲ್ಲ, ಗಾಡಿಯೆಳೆಯಬೇಕಾದ ಎತ್ತುಗಳು ಮೇವಿಲ್ಲದೆ ಸಾಯುತ್ತಿದ್ದವು. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದ ಕಾಲದಲ್ಲಿ, 1890ರ ದಶಕದ ಮೊದಲಲ್ಲಿ, ದೊಡ್ಡಬಳ್ಳಾಪುರದ ಮೇಲೆ ಹಿಂದೂಪುರದತ್ತ ಮೀಟರ್‌ಗೇಜ್ ಹಳಿ ಬಿದ್ದಿತು. ಅದನ್ನು ನಡೆಸಿದ್ದು ಸದರ್ನ್ ಮರಾಠಾ ರೈಲ್ವೆ. ಬೆಟ್ಟದ ಮಗ್ಗುಲಲ್ಲಿ ಬಳಸಿ ಸಾಗುವ ಆ ತಿರುವನ್ನು ನೋಡಲೆಂದೇ ಈಗಲೂ ಜನ ಬರುತ್ತಾರೆ.

ಘಾಟಿ ಸುಬ್ರಹ್ಮಣ್ಯದ ಜಾತ್ರೆಗೆ ಬಂದವರು ಇಲ್ಲಿಳಿದು ನಡೆದುಹೋಗುವುದನ್ನು ಹುಡುಗನಾಗಿ ಕಂಡಿದ್ದೇನೆ. ನಮ್ಮಜ್ಜಿಗೆ ಮಾತ್ರ ರೈಲಿನಲ್ಲಿ ನಂಬಿಕೆಯಿರಲಿಲ್ಲ. ಅವಳು ನಂಬಿದ್ದು ನೆಲದೊಳಗೆ ರಾಗಿ ತುಂಬಿಡುವ ಹಗೇವನ್ನು. "ತರೋ ಗಾಡೀನೇ ಹೊತ್ಕೊಂಡೂ ಹೋಯ್ತದೆ ಕಣಪ್ಪ" ಎನ್ನುತ್ತಿದ್ದಳು. ಕ್ಷಾಮದ ಬಗ್ಗೆ ಬರೆದ ಪಂಡಿತರು ಇದನ್ನೇ ಪುಟಗಟ್ಟಲೆ ಹೇಳಿದ್ದಾರೆ.

ನಾನು ಕಾಲೇಜಿಗೆಂದು ಬೆಂಗಳೂರಿಗೆ ಹೊರಟದ್ದೂ ಅದೇ ಗಾಡಿಯಲ್ಲಿ. ಅಜ್ಜಿ ನಿಲ್ದಾಣದವರೆಗೆ ಬಂದು ರಾಗಿಹಿಟ್ಟಿನ ಗಂಟನ್ನು ಕೈಗಿತ್ತಳು, ಮಾತಾಡಲಿಲ್ಲ. 1980ರ ದಶಕದಲ್ಲಿ ಹಳಿ ಬ್ರಾಡ್‌ಗೇಜ್ ಆಗುವ ವೇಳೆಗೆ ಅವಳಿರಲಿಲ್ಲ. ಹಗೇವಿಗೆ ಮಣ್ಣು ತುಂಬಿದೆವು. ಅದರ ಬಾಯಿ ಮುಚ್ಚುತ್ತಿದ್ದ ಚಪ್ಪಡಿ ಈಗ ಬಟ್ಟೆ ಒಗೆಯುವ ಕಲ್ಲು.