ಮರದ ಹಳ್ಳಿಯಲ್ಲ, ಮಾರನ ಹಳ್ಳಿ



ಮಾಗಡಿ ಸೀಮೆಯ ಗುಡೇಮಾರನಹಳ್ಳಿಯ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ನೋಡಿ. ‘ಮಾರ’ನಿಗೂ ‘ಮರ’ಕ್ಕೂ ಅಲ್ಲಿ ವ್ಯತ್ಯಾಸವೇ ಇರುವುದಿಲ್ಲ. ಯಲಹಂಕದಾಚೆಯ ಹುಣಸಮಾರನಹಳ್ಳಿಯ ಗತಿಯೂ ಇದೇ. ಮುಂದೆ ‘ಹುಣಸೆ’ಯ ನೆರಳಿರುವುದರಿಂದ ಅಲ್ಲಿ ಮರ ಎಂದು ಓದುವ ಆಸೆ ಇನ್ನೂ ಹೆಚ್ಚು.

ಆದರೆ ಕನ್ನಡದ ವ್ಯಾಕರಣ ಇದಕ್ಕೆ ಒಪ್ಪುವುದಿಲ್ಲ. ಷಷ್ಠೀ ವಿಭಕ್ತಿಯಲ್ಲಿ ಮರ ‘ಮರದ’ ಆಗುತ್ತದೆ, ಮಾರ ‘ಮಾರನ’ ಆಗುತ್ತಾನೆ. ಅಕಾರಾಂತ ನಪುಂಸಕಕ್ಕೆ ದಕಾರ, ಪುಲ್ಲಿಂಗಕ್ಕೆ ನಕಾರ. ನಡುವಿನ ಆ ಒಂದು ‘ನ’ ಅಕ್ಷರವೇ ಸಾಕ್ಷಿ: ಈ ಹೆಸರು ಹೇಳುವುದು ಮರವನ್ನಲ್ಲ, ಮಾರನೆಂಬುವವನನ್ನು. ಮಾರಪ್ಪ, ಮಾರಯ್ಯ ಎಂಬ ಹೆಸರುಗಳು ನಮ್ಮ ಕಡೆ ಹೊಸವೇನಲ್ಲ.

ಇನ್ನು ‘ಹಳ್ಳಿ’ಯ ವಿಚಾರ. ಹಳಗನ್ನಡದಲ್ಲಿ ಇದು ‘ಪಳ್ಳಿ’. ಪಾಲು ಹಾಲಾದಂತೆ, ಪುಲಿ ಹುಲಿಯಾದಂತೆ ಪಳ್ಳಿ ಹಳ್ಳಿಯಾಯಿತು. ನೆರೆಯ ಭಾಷೆಗಳು ಪಕಾರವನ್ನು ಬಿಡಲಿಲ್ಲ. ತೆಲುಗಿನಲ್ಲಿ ಅದು ‘ಪಲ್ಲೆ’, ‘ಪಲ್ಲಿ’. ಗಡಿಯ ಬಾಗೇಪಲ್ಲಿ ಅದಕ್ಕೆ ಗುರುತು. ತಮಿಳಿನಲ್ಲಿ ‘ಪಳ್ಳಿ’ ಎಂದರೆ ಊರು, ಜೈನ ಬೌದ್ಧರ ವಿಹಾರ, ಶಾಲೆ, ಮಲಗುವ ಜಾಗ ಎಲ್ಲವೂ ಹೌದು. ದೇವರನ್ನು ನಿದ್ದೆಯಿಂದ ಎಬ್ಬಿಸುವ ‘ತಿರುಪ್ಪಳ್ಳಿಯೆಳುಚ್ಚಿ’ಯಲ್ಲಿರುವುದು ಈ ಪಳ್ಳಿಯೇ. ಮಲಯಾಳದಲ್ಲಿ ಮಸೀದಿಯೂ ಪಳ್ಳಿ, ಇಗರ್ಜಿಯೂ ಪಳ್ಳಿ. ಕಾಸರಗೋಡಿನ ಕನ್ನಡಿಗರ ಕಿವಿಗೆ ಒಂದೇ ದಿನದಲ್ಲಿ ಹಳ್ಳಿಯೂ ಬೀಳುತ್ತದೆ, ಪಳ್ಳಿಯೂ ಬೀಳುತ್ತದೆ. ಜನ ಸೇರುವ, ತಂಗುವ, ಕಲಿಯುವ, ಪ್ರಾರ್ಥಿಸುವ ತಾಣಗಳನ್ನೆಲ್ಲ ಒಳಗೊಂಡ ಪದ ಕನ್ನಡದಲ್ಲಿ ಊರಿಗೆ ಮಾತ್ರ ನಿಂತಿತು.

ಹಳ್ಳಿಯ, ಹಳ್ಳಿಗೆ, ಹಳ್ಳಿಯಿಂದ, ಹಳ್ಳಿಯಲ್ಲಿ: ಪದದ ಬಾಲಕ್ಕೆ ಪ್ರತ್ಯಯ ಅಂಟಿಸಿ ಅರ್ಥ ಹೇಳುವುದು ನಮ್ಮ ಕ್ರಮ. ದೂರದ ಫಿನ್ನಿಷ್ ಭಾಷೆಯದೂ ಅದೇ ಕ್ರಮ. ಅಲ್ಲಿ ಹಳ್ಳಿಗೆ ‘ಕ್ಯುಲ’ ಎನ್ನುತ್ತಾರೆ. ಹಳ್ಳಿಯಲ್ಲಿ ಎನ್ನಲು ‘ಕ್ಯುಲಸ್ಸ’, ಹಳ್ಳಿಯಿಂದ ಎನ್ನಲು ‘ಕ್ಯುಲಸ್ತ’. ನಮ್ಮ ವ್ಯಾಕರಣಗಳು ಏಳು ವಿಭಕ್ತಿ ಎಣಿಸಿದರೆ ಅವರದು ಹದಿನೈದು. ಇಂಥ ಹೋಲಿಕೆಗಳನ್ನು ಕಂಡೇ ಬಿಷಪ್ ಕಾಲ್ಡ್‌ವೆಲ್ 1856ರ ತಮ್ಮ ಗ್ರಂಥದಲ್ಲಿ ದ್ರಾವಿಡ ಭಾಷೆಗಳಿಗೂ ಫಿನ್ನಿಷ್ ಮುಂತಾದವುಗಳಿಗೂ ನಂಟು ಹೇಳಿದರು. ಇಂದಿನ ವಿದ್ವಾಂಸರು ಅದನ್ನು ಒಪ್ಪುವುದಿಲ್ಲ. ನಡಿಗೆ ಒಂದೇ ಆದ ಮಾತ್ರಕ್ಕೆ ಮನೆತನ ಒಂದೇ ಆಗಬೇಕಿಲ್ಲ.

1887ರಲ್ಲಿ ಝಾಮೆನ್‌ಹೋಫ್ ಪ್ರಕಟಿಸಿದ ಎಸ್ಪೆರಾಂಟೊದಲ್ಲಿ ಹಳ್ಳಿ ‘ವಿಲಾಜೊ’, ಹಳ್ಳಿಗಳು ‘ವಿಲಾಜೊಯ್’, ಹಳ್ಳಿಯನ್ನು ‘ವಿಲಾಜೊನ್’. ಎಲ್ಲ ನಾಮಪದಗಳಿಗೂ ಇದೇ ನಿಯಮ, ಅಪವಾದವಿಲ್ಲ. ಕಲಿಯಲು ಸುಲಭ, ನಿಜ. ಆದರೆ ಅಲ್ಲಿ ಮರವೂ ಮಾರನೂ ಒಂದೇ ಪ್ರತ್ಯಯ ತೊಡುತ್ತಾರೆ. ನಮ್ಮ ‘ನ’, ‘ದ’ಗಳ ತೊಡಕು ಬರಿಯ ತೊಡಕಲ್ಲ, ಅದೊಂದು ದಾಖಲೆ.

ವಿಲಾಜೊದ ಮೂಲ ಲ್ಯಾಟಿನ್ನಿನ ‘ವಿಲ್ಲಾ’, ಅಂದರೆ ಹೊಲಮನೆ. ಇಂಗ್ಲಿಷಿನ ವಿಲೇಜೂ ಅದರ ಕುಡಿಯೇ. ಈಗ ಬೆಂಗಳೂರಿನ ಅಂಚಿನ ಹಳ್ಳಿಗಳ ಹೊಲಗಳಲ್ಲಿ ವಿಲ್ಲಾಗಳು ಏಳುತ್ತಿವೆ. ಇತ್ತ ‘ಹಳ್ಳಿಗಮಾರ’ ಬೈಗುಳವಾಗಿ ಉಳಿದಿದೆ.

ಹೆಸರು ಬದಲಾಗುವುದು ಹೊಸತಲ್ಲ. ಕಾನಕಾನಹಳ್ಳಿ ಕನಕಪುರವಾಯಿತು, ಕ್ಲೋಸ್‌ಪೇಟೆ ರಾಮನಗರವಾಯಿತು. ‘ರಾಮನಗರ’ದ ನಕಾರ ನಗರದ್ದು, ರಾಮನದಲ್ಲ, ಸಂಸ್ಕೃತ ಸಮಾಸದಲ್ಲಿ ವಿಭಕ್ತಿ ಅಳಿಯುತ್ತದೆ. ನಮ್ಮ ಹಳ್ಳಿಗಳ ಹೆಸರುಗಳಲ್ಲಿ ಅದು ಉಳಿದಿದೆ. ಶಾಸನವಿಲ್ಲದ, ಚರಿತ್ರೆಯ ಪುಸ್ತಕದಲ್ಲಿ ಜಾಗ ಸಿಗದ ಎಷ್ಟೋ ಮಾರರಿಗೆ, ಚಿಕ್ಕರಿಗೆ, ಬೊಮ್ಮರಿಗೆ ಇರುವ ಸ್ಮಾರಕ ಈ ಒಂದು ಪ್ರತ್ಯಯ. ಊರಿನ ಫಲಕ ಬರೆಸುವವರು ಕನ್ನಡದ ದೀರ್ಘವನ್ನೂ ನಕಾರವನ್ನೂ ಸರಿಯಾಗಿ ಬರೆಸಿದರೆ ಆ ಸ್ಮಾರಕಕ್ಕೆ ಬೇರೆ ಖರ್ಚೇನೂ ಬೇಕಿಲ್ಲ.